ಗಬಾನಿನ ಬೇರು, ನ್ಯೂಯಾರ್ಕಿನ ಹುಡುಗ

ಹೊವರ್ಡ್ ಲಾಟ್ಸಾಫ್ ವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. 1962ರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಹತ್ತೊಂಬತ್ತರ ಹುಡುಗ. ಹೊಸ ನಶೆಯೇನಾದರೂ ಸಿಕ್ಕೀತೆಂದು ಐಬೊಗೇನ್ ಎಂಬ ವಸ್ತುವನ್ನು ನುಂಗಿದ. ಒಂದು ದಿನ ಮೀರಿ ಕಣ್ಮುಂದೆ ದೃಶ್ಯಗಳು ಮೆರವಣಿಗೆ ಹೊರಟವು. ಅದೆಲ್ಲ ಇಳಿದ ಮೇಲೆ ಗೊತ್ತಾಯಿತು, ಹೆರಾಯಿನ್ ಬೇಕೆಂಬ ತವಕವೇ ಇಲ್ಲ. ಮೈ ಹಿಂಡುವ ನೋವು, ನಡುಕವೂ ಇಲ್ಲ.

ಅವನಿಗೆ ಹೊಸದಾದದ್ದು ಮಧ್ಯ ಆಫ್ರಿಕಾದ ಗಬಾನಿಗೆ ಹಳೆಯದು. ಅಲ್ಲಿನ ಬ್ವಿಟಿ ಪಂಥದಲ್ಲಿ ದೀಕ್ಷೆ ಪಡೆಯುವವರು ಐಬೋಗಾ ಪೊದೆಯ ಬೇರಿನ ತೊಗಟೆಯನ್ನು ಕೆರೆದು, ಆ ಕಹಿ ಪುಡಿಯನ್ನು ತಿನ್ನುತ್ತಾರೆ. ರಾತ್ರಿಯಿಡೀ ಎಂಟು ತಂತಿಯ ಹಾರ್ಪ್ ನುಡಿಯುತ್ತದೆ. ಪೂರ್ವಜರನ್ನು ಕಂಡು ಬರುವ ಪಯಣ ಅದೆಂದು ಅವರ ನಂಬಿಕೆ. 1901ರಲ್ಲಿ ಫ್ರೆಂಚ್ ರಸಾಯನ ತಜ್ಞರು ಆ ಬೇರಿನಿಂದ ಐಬೊಗೇನ್ ಬೇರ್ಪಡಿಸಿದರು. ಮುಂದೆ ಫ್ರಾನ್ಸಿನ ಔಷಧ ಅಂಗಡಿಗಳಲ್ಲಿ ಐಬೊಗೇನ್ ಇದ್ದ ‘ಲಾಂಬರೀನ್’ ಎಂಬ ಮಾತ್ರೆ ದಣಿವು ನೀಗಲೆಂದು ದಶಕಗಳ ಕಾಲ ಮಾರಾಟವಾಯಿತು. ಆಲ್ಬರ್ಟ್ ಷ್ವೈಟ್ಸರ್ ಆಸ್ಪತ್ರೆ ಕಟ್ಟಿದ ಗಬಾನಿನ ಊರಿನದೇ ಹೆಸರು! ಅಂದಹಾಗೆ, ನಮ್ಮ ಅಂಗಳದ ನಂದಿಬಟ್ಟಲೂ ಐಬೋಗಾದ ಸಸ್ಯಕುಟುಂಬದ್ದೇ. ಅದನ್ನು ದೇವರಿಗೆ ಮುಡಿಸಿ, ಬಾಯಿಗೆ ಹಾಕಬೇಡಿ.

ಅಮೆರಿಕ ಐಬೊಗೇನನ್ನು ನಿಷೇಧಿಸಿತು. ಲಾಟ್ಸಾಫ್ ಬಿಡಲಿಲ್ಲ, 1985ರಲ್ಲಿ ಅಫೀಮು ಜಾತಿಯ ಚಟಕ್ಕೆ ಇದರ ಬಳಕೆಯ ಪೇಟೆಂಟ್ ಪಡೆದ. ಔಷಧ ಕಂಪನಿಗಳು ಹಿಂದೇಟು ಹಾಕಿದವು. ಮಯಾಮಿಯ ಸಂಶೋಧಕಿ ಡೆಬೊರಾ ಮ್ಯಾಶ್, ಐಬೊಗೇನ್ ದೇಹದಲ್ಲಿ ನೊರೈಬೊಗೇನ್ ಆಗಿ ಬದಲಾಗುವುದನ್ನು ಗುರುತಿಸಿದರು. ಅದು ಬೇಗ ಹೊರಹೋಗದೆ ಉಳಿಯುವುದರಿಂದಲೇ ತವಕ ತಡವಾಗಿ ಮರಳುತ್ತದೆ ಎಂಬುದೊಂದು ವಿವರಣೆ. ಆದರೆ 1990ರ ದಶಕದಲ್ಲಿ ಈ ಸಂಶೋಧನೆಗೆ ಸರ್ಕಾರದ ಧನಸಹಾಯ ನಿಂತಿತು. ಕಾರಣ ಬರೀ ಸಂಕೋಚವಲ್ಲ: ಈ ವಸ್ತು ಹೃದಯದ ವಿದ್ಯುತ್ ಲಯವನ್ನೇ ಕೆಡಿಸಬಲ್ಲದು. ಸತ್ತವರಿದ್ದಾರೆ. ಆದರೂ ಮೆಕ್ಸಿಕೋದ ಖಾಸಗಿ ಕ್ಲಿನಿಕ್ಕುಗಳಿಗೆ ಅಮೆರಿಕನ್ನರು ಸಾಲುಗಟ್ಟಿದರು.

2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ, ಮಿದುಳಿಗೆ ಪೆಟ್ಟಾಗಿದ್ದ 30 ಮಾಜಿ ಸೈನಿಕರ ಅಧ್ಯಯನ ಪ್ರಕಟಿಸಿತು. ಅವರಿಗೆ ಐಬೊಗೇನ್ ಜೊತೆಗೆ, ಹೃದಯದ ರಕ್ಷಣೆಗೆಂದು ಮೆಗ್ನೀಸಿಯಂ ಕೊಟ್ಟಿದ್ದರು. ಖಿನ್ನತೆ, ಆತಂಕ ಗಣನೀಯವಾಗಿ ತಗ್ಗಿದವು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಅದು ಚಟದ ಪರೀಕ್ಷೆಯೂ ಆಗಿರಲಿಲ್ಲ. ಆದರೂ 2025ರಲ್ಲಿ ಟೆಕ್ಸಸ್ ರಾಜ್ಯ ಐಬೊಗೇನ್ ಪ್ರಯೋಗಕ್ಕೆ 5 ಕೋಟಿ ಡಾಲರ್ ತೆಗೆದಿರಿಸಿತು.

ದೊಡ್ಡ ಪ್ರಯೋಗಗಳು ಮುಗಿಯುವವರೆಗೆ ಇದನ್ನು ಮದ್ದು ಎನ್ನಲಾಗದು. ಇಸಿಜಿ ಯಂತ್ರವೂ ಹೃದ್ರೋಗ ತಜ್ಞರೂ ಇಲ್ಲದ ಕಡೆ ಯಾರಾದರೂ ಇದನ್ನು ಕೊಡಲು ಬಂದರೆ ಎದ್ದು ಬನ್ನಿ. ಮನೆಯಲ್ಲಿ ಚಟಕ್ಕೆ ಸಿಕ್ಕವರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಮೊದಲು ಅಲ್ಲಿಗೆ ಕರೆದೊಯ್ಯಿರಿ.