ಮೋಟಾರ್ ಸೈಕಲ್ಲಿನ ಹ್ಯಾಂಡಲೂ ಸವಾರನ ಮೈಕಟ್ಟೂ

ಪೂರ್ವಕಾಲದಲ್ಲಿ ಅಗ್ನಿಚಯನಕ್ಕಾಗಿ ವೇದಿಯನ್ನು ಕಟ್ಟುವಾಗ ಯಜಮಾನನ ದೇಹವನ್ನೇ ಅಳತೆಗೋಲನ್ನಾಗಿ ಇಟ್ಟುಕೊಳ್ಳುತ್ತಿದ್ದರು. ಅವನು ಕೈಗಳನ್ನು ಮೇಲಕ್ಕೆತ್ತಿ ನಿಂತಾಗ ಆಗುವ ಎತ್ತರವೇ ಒಂದು ಪುರುಷಪ್ರಮಾಣವು. ಯಾರಿಗಾಗಿ ಕೆಲಸವೋ ಅವರ ಮೈಯಿಂದಲೇ ಅಳತೆ ಎಂಬ ವಿವೇಕವು ನಮ್ಮ ರೈತನಲ್ಲಿಯೂ ಉಂಟು. ನೇಗಿಲಿನ ಹಿಡಿಯು ತನ್ನ ಎತ್ತರಕ್ಕೆ ಒಪ್ಪುವಂತೆ ಅವನು ಬಡಗಿಯಿಂದ ಮಾಡಿಸಿಕೊಳ್ಳುವನು. ಆದರೆ ಕಾರ್ಖಾನೆಯಿಂದ ಬರುವ ಮೋಟಾರ್ ಸೈಕಲ್ಲು ಯಾರ ಮೈಯನ್ನೂ ಅಳೆದು ಬಂದುದಲ್ಲ. ಐದಡಿಯ ಗೃಹಸ್ಥನಿಗೂ ಆರಡಿಯ ತರುಣನಿಗೂ ಅಂಗಡಿಯವನು ಕೊಡುವುದು ಒಂದೇ ಹ್ಯಾಂಡಲು. ಕೊಳ್ಳುವವರಾದರೋ ಬಣ್ಣವನ್ನೂ ಬೆಲೆಯನ್ನೂ ಒಂದು ಲೀಟರು ಪೆಟ್ರೋಲಿಗೆ ಓಡುವ ದೂರವನ್ನೂ ವಿಚಾರಿಸುವರೇ ಹೊರತು, ನಿತ್ಯವೂ ತಾವು ಹಿಡಿದುಕೊಳ್ಳಬೇಕಾದ ಹ್ಯಾಂಡಲಿನ ಮಾತನ್ನು ಎತ್ತುವುದಿಲ್ಲ.

ಸವಾರನ ದೇಹವು ವಾಹನವನ್ನು ಸೀಟು, ಫುಟ್‌ರೆಸ್ಟು, ಹ್ಯಾಂಡಲು ಎಂಬ ಮೂರೆಡೆಗಳಲ್ಲಿ ಮುಟ್ಟಿಕೊಂಡಿರುವುದು. ಇವುಗಳಲ್ಲಿ ಬೆನ್ನಿನ ಬಾಗನ್ನು ಬಹುಮಟ್ಟಿಗೆ ನಿರ್ಣಯಿಸತಕ್ಕದ್ದು ಹ್ಯಾಂಡಲು. ಯೋಗಶಾಸ್ತ್ರದಲ್ಲಿ ಆಸನಕ್ಕೆ ಸ್ಥೈರ್ಯ, ಸೌಖ್ಯಗಳೆಂಬ ಎರಡು ಗುಣಗಳನ್ನು ವಿಧಿಸಿರುವರಷ್ಟೆ. ಸವಾರನ ಆಸನಕ್ಕೂ ಇವೆರಡೂ ಬೇಕು. ಏಕೆಂದರೆ ಇಲ್ಲಿ ಸೌಖ್ಯವು ಭೋಗದ ಮಾತಲ್ಲ, ಪ್ರಾಣರಕ್ಷಣೆಯ ಮಾತು. ಹ್ಯಾಂಡಲು ದೂರವಾದರೆ ಮೊಣಕೈಗಳು ಸೆಟೆದುಕೊಂಡು, ರಸ್ತೆಯ ಕುಲುಕು ನೇರವಾಗಿ ಹೆಗಲಿಗೂ ಕುತ್ತಿಗೆಗೂ ಏರುವುದು. ಮೈಭಾರವನ್ನು ಹೊತ್ತ ಅಂಗೈಯು ಬ್ರೇಕನ್ನು ಹದವರಿತು ಒತ್ತಲಾರದು. ಅತಿ ಎತ್ತರವಾದರೆ ತೋಳುಗಳು ಮೇಲೆಯೇ ನಿಂತು ಬೇಗನೆ ದಣಿಯುವುವು. ಅತಿ ಸಮೀಪವಾದರೆ ತಿರುವಿನಲ್ಲಿ ಹಿಡಿಯು ತೊಡೆಗೋ ಹೊಟ್ಟೆಗೋ ತಗಲುವುದು.

ಹ್ಯಾಂಡಲಿನ ಭೇದದಿಂದ ಆಸನವು ಎಷ್ಟು ಮಾರ್ಪಡುವುದೆಂಬುದಕ್ಕೆ ಉತ್ತಮ ನಿದರ್ಶನವೊಂದುಂಟು. ರಾಯಲ್ ಎನ್‌ಫೀಲ್ಡ್ ಕಂಪನಿಯವರು 2018ರಲ್ಲಿ ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿ.ಟಿ. ಎಂಬ ಎರಡು ವಾಹನಗಳನ್ನು ಹೊರತಂದರು. ಎರಡಕ್ಕೂ 648 ಸಿ.ಸಿ.ಯ ಒಂದೇ ಬಗೆಯ ಎಂಜಿನ್ನು. ಮೊದಲನೆಯದರಲ್ಲಿ ಅಗಲವಾಗಿ ಮೇಲೆದ್ದ ಹ್ಯಾಂಡಲಿರುವುದರಿಂದ ಸವಾರನು ಬೆನ್ನನ್ನು ನೆಟ್ಟಗಿಟ್ಟು ಕುಳಿತುಕೊಳ್ಳುವನು. ಎರಡನೆಯದರಲ್ಲಿ ಮುಂದಿನ ಫೋರ್ಕಿಗೇ ಕಚ್ಚಿಕೊಂಡ ತಗ್ಗಾದ ಎರಡು ತುಂಡು ಹಿಡಿಗಳಿರುವುವು. ಫುಟ್‌ರೆಸ್ಟುಗಳೂ ಹಿಂದಕ್ಕೆ ಸರಿದಿರುವುವು. ಆದಕಾರಣ ಸವಾರನು ಮುಂದಕ್ಕೆ ಬಾಗಲೇಬೇಕು. ಈ ಬಾಗು ಪಂದ್ಯದ ಮೈದಾನದಿಂದ ಬಂದುದು. ಅಲ್ಲಿ ವೇಗವು ಅಧಿಕವಾದುದರಿಂದ ಎದುರುಗಾಳಿಯೇ ಎದೆಯನ್ನು ಆತುಕೊಂಡು ಕೈಗಳ ಭಾರವನ್ನು ಇಳಿಸುವುದು. ಪೇಟೆಯ ಬೀದಿಯ ಮಂದಗತಿಯಲ್ಲಿ ಆ ಗಾಳಿಯ ಆಸರೆಯಿಲ್ಲ. ಭಾರವೆಲ್ಲವೂ ಮಣಿಕಟ್ಟಿನ ಮೇಲೆಯೇ ಬೀಳುವುದು.

ನಮ್ಮಲ್ಲಿ ಓದಿದ ತರುಣನೊಬ್ಬನು ಹಳ್ಳಿಯಿಂದ ಪಟ್ಟಣದ ಕೆಲಸಕ್ಕೆ ನಿತ್ಯವೂ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುವನು. ಕೆಲವು ತಿಂಗಳಲ್ಲಿ ಅವನ ಬಲಗೈಯ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯತೊಡಗಿದುವು. ತಾಯಿಯು ವಾತವೆಂದು ಬಗೆದು ಎಣ್ಣೆ ಕಾಯಿಸಿ ತಿಕ್ಕಿದರು, ಗುಣ ಕಾಣಲಿಲ್ಲ. ಅಂಗೈಯ ಬುಡವು ಹಿಡಿಯ ಮೇಲೆ ಬಹಳ ಹೊತ್ತು ಊರಿಕೊಂಡಿದ್ದರೆ ಆ ಎರಡು ಬೆರಳುಗಳಿಗೆ ಹೋಗುವ ನರವು ಅದುಮಿಹೋಗುವುದು. ಮಣಿಕಟ್ಟು ಮಡಿಸಿಕೊಂಡೇ ಇದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನರಕ್ಕೆ ಬಾಧೆಯಾಗುವುದು. ಊರಿನ ಮೆಕ್ಯಾನಿಕನು ಆ ತರುಣನನ್ನು ವಾಹನದ ಮೇಲೆ ಕೂರಿಸಿ ನೋಡಿ, ಹ್ಯಾಂಡಲನ್ನು ತುಸು ಹಿಂದಕ್ಕೆ ತಿರುಗಿಸಿ, ಲಿವರುಗಳನ್ನು ಕೆಳಕ್ಕೆ ಬಾಗಿಸಿಕೊಟ್ಟನು. ಕೆಲವು ವಾರಗಳಲ್ಲಿ ಜೋಮು ಇಳಿಯಿತು. ಇಷ್ಟಾದರೂ ಇಳಿಯದ ಜೋಮಿಗೆ ವೈದ್ಯರನ್ನು ಕಾಣುವುದೇ ಯುಕ್ತವು.

ಅಳತೆಯನ್ನು ಮನೆಯಂಗಳದಲ್ಲಿಯೇ ತೆಗೆದುಕೊಳ್ಳಬಹುದು. ಸಮನಾದ ನೆಲದ ಮೇಲೆ ವಾಹನವನ್ನು ನಡುಸ್ಟಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮನೆಯವರೊಬ್ಬರು ಭದ್ರವಾಗಿ ಹಿಡಿದುಕೊಂಡಿರಲಿ. ಸವಾರನು ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ, ಹೆಗಲನ್ನು ಸಡಿಲಬಿಟ್ಟು, ಮೊಣಕೈಯನ್ನು ಕೊಂಚ ಮಡಿಸಿ ಕೈಗಳನ್ನು ಸಹಜವಾಗಿ ಮುಂದಕ್ಕೆ ಚಾಚಲಿ. ಅಂಗೈಗಳು ನಿಂತ ಸ್ಥಾನಕ್ಕೂ ಹಿಡಿಗೂ ಎಷ್ಟು ಅಂತರವೆಂಬುದನ್ನು ಮತ್ತೊಬ್ಬರು ಟೇಪಿನಿಂದ ಅಳೆದು ಬರೆದಿಡಲಿ. ಬಳಿಕ ಹ್ಯಾಂಡಲನ್ನು ಎರಡು ಪಕ್ಕಗಳಿಗೂ ಪೂರ್ತಿಯಾಗಿ ತಿರುಗಿಸಿ, ದೂರ ಸರಿದ ಕೈಗೆ ಆಗಲೂ ಹಿಡಿಯು ಎಟಕುವುದೋ ಎಂದು ಪರೀಕ್ಷಿಸಬೇಕು. ಅಗಲವಾದ ಹ್ಯಾಂಡಲು ನಿಧಾನಗತಿಯಲ್ಲಿ ಸುಲಭವಾಗಿ ತಿರುಗುವುದು ನಿಜ. ಆದರೆ ಗಿಡ್ಡ ತೋಳಿನವರಿಗೆ ಅದರ ಹೊರತುದಿಯು ತಿರುವಿನಲ್ಲಿ ಕೈತಪ್ಪುವ ಸಂಭವವುಂಟು.

ಇನ್ನು ಪರಿಹಾರವನ್ನು ಅಲ್ಪವ್ಯಯದಿಂದ ಆರಂಭಿಸತಕ್ಕದ್ದು. ಮೊದಲನೆಯದಾಗಿ, ಬೆರಳುಗಳನ್ನು ಲಿವರಿನ ಮೇಲಿಟ್ಟಾಗ ಬೆರಳು, ಮಣಿಕಟ್ಟು, ಮುಂಗೈ ಒಂದೇ ಸಾಲಿಗೆ ಬರುವಂತೆ ಲಿವರನ್ನು ಬಾಗಿಸಬೇಕು. ಎರಡನೆಯದಾಗಿ, ಕ್ಲಾಂಪಿನ ಬೋಲ್ಟುಗಳನ್ನು ಸಡಿಲಿಸಿ ಹ್ಯಾಂಡಲನ್ನು ಮುಂದಕ್ಕೋ ಹಿಂದಕ್ಕೋ ತಿರುಗಿಸಿ ನೋಡಬೇಕು. ಇವೆರಡಕ್ಕೂ ಪಾನಾ ಒಂದಿದ್ದರೆ ಸಾಕು. ಮೂರನೆಯದಾಗಿ, ಹ್ಯಾಂಡಲಿನ ಬುಡಕ್ಕೆ ರೈಸರೆಂಬ ದಿಂಡನ್ನು ಕೊಟ್ಟು ಎತ್ತರಿಸಬಹುದು. ಇವಾವುದರಿಂದಲೂ ಸರಿಹೋಗದಿದ್ದರೆ ಮಾತ್ರ ಹೊಸ ಹ್ಯಾಂಡಲು. ಅದನ್ನು ಕೊಳ್ಳುವಾಗ ಅಗಲ, ಎತ್ತರ, ತುದಿಗಳ ಹಿಂಬಾಗು, ಕೊಳವೆಯ ದಪ್ಪ ಎಂಬ ನಾಲ್ಕು ಅಳತೆಗಳನ್ನು ನೋಡಬೇಕು. ಕೊಳವೆಯ ದಪ್ಪವು ಸಾಮಾನ್ಯವಾಗಿ 22 ಮಿಲಿಮೀಟರು. ಕೆಲವು ಭಾರಿ ವಾಹನಗಳಲ್ಲಿ 25.4 ಮಿಲಿಮೀಟರು. ಒಂದರ ಕ್ಲಾಂಪು ಇನ್ನೊಂದಕ್ಕೆ ಕೂಡದು.

ಹ್ಯಾಂಡಲು ಎತ್ತರವಾದಂತೆ ಕ್ಲಚ್ಚು, ಆಕ್ಸಿಲರೇಟರುಗಳ ಕೇಬಲ್ಲೂ ಬ್ರೇಕಿನ ಎಣ್ಣೆ ಹರಿಯುವ ಕೊಳವೆಯೂ ಬಿಗಿಯುವುವು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನ್ನು ಓಡುತ್ತಿರುವಾಗ ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಲು, ಎಂಜಿನ್ನಿನ ಸದ್ದು ತಾನೇ ಏರಿದರೆ ಕೇಬಲ್ಲು ಎಳೆದಿದೆಯೆಂದೇ ತಿಳಿಯತಕ್ಕದ್ದು. ಅಂಥ ವಾಹನವನ್ನು ಬೀದಿಗಿಳಿಸಲಾಗದು. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನಿರ್ಬಂಧಿಸಿರುವುದರಿಂದ, ದೊಡ್ಡ ಬದಲಾವಣೆಗೆ ಮೊದಲು ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು ಲೇಸು.

ಕಡೆಯದಾಗಿ ಒಂದು ಸಂಸಾರದ ಮಾತು. ಅನೇಕ ಮನೆಗಳಲ್ಲಿ ವಾಹನವು ಒಂದೇ. ಅದನ್ನು ತಂದೆಯೂ ಮಗನೂ ಮಗಳೂ ಓಡಿಸುವರು. ಹಾಗಾದರೆ ಯಾರ ಅಳತೆಗೆ ಹ್ಯಾಂಡಲನ್ನು ಹೊಂದಿಸಬೇಕು? ಹಣ ತೆತ್ತವರಿಗೋ, ಹಿರಿಯರಿಗೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನೀಳವಾದ ತೋಳನ್ನು ಮಡಿಸಬಹುದು, ಗಿಡ್ಡ ತೋಳನ್ನು ಎಳೆದು ಉದ್ದಮಾಡಲಾಗದು. ಆದುದರಿಂದ ಮನೆಯಲ್ಲಿ ಯಾರ ಕೈಗೆ ಹಿಡಿಯು ಎಲ್ಲರಿಗಿಂತ ಕಷ್ಟದಿಂದ ಎಟಕುವುದೋ ಅವರಿಗೇ ಹೊಂದಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯವು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಹಣದ ವಿಷಯದಲ್ಲಿ ಮಾನ್ಯವಾದುದೇ. ಹ್ಯಾಂಡಲಿನ ವಿಷಯದಲ್ಲಿ ಮಾತ್ರ ಕಾಲಿದ್ದಷ್ಟು ಹಾಸಿಗೆಯನ್ನು ಮಾಡಿಸಿಕೊಳ್ಳತಕ್ಕದ್ದು.