ವಿದ್ಯುತ್ ಸ್ಥಾವರ ಮುಚ್ಚಿದರೆ ಊರಿನ ಗತಿಯೇನು?



ನಮ್ಮ ಕರಾವಳಿಯ ಎಷ್ಟೋ ಮನೆಗಳು ಗಲ್ಫಿನಲ್ಲಿರುವ ಒಬ್ಬರ ಸಂಬಳದ ಮೇಲೆ ನಡೆಯುತ್ತವೆ. ಮಕ್ಕಳ ಫೀಸು, ಅತ್ತೆಯ ಔಷಧಿ, ನಾದಿನಿಯ ಮದುವೆ, ಮನೆಯ ರಿಪೇರಿ ಎಲ್ಲಕ್ಕೂ ಅದೊಂದೇ ಕೈ. ಆ ಕೈ ಒಂದು ದಿನ ಕೆಲಸ ಬಿಟ್ಟು ಊರಿಗೆ ಮರಳುವುದು ಖಂಡಿತ ಎಂದು ಮನೆಯವರಿಗೆಲ್ಲ ಗೊತ್ತು. ಆದರೂ ಆ ಮಾತು ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆಲವು ಗೃಹಿಣಿಯರು ಮಾತ್ರ ಹಣ ಬರುತ್ತಿರುವಾಗಲೇ ಲೆಕ್ಕ ಹಾಕುತ್ತಾರೆ. ಯಾವ ಖರ್ಚು ನಿಂತರೂ ನಡೆಯುತ್ತದೆ, ಯಾವುದು ನಿಲ್ಲಲೇಬಾರದು ಎಂದು ಪಟ್ಟಿ ಮಾಡಿಟ್ಟುಕೊಳ್ಳುತ್ತಾರೆ.

ಒಂದು ಇಡೀ ಊರೇ ಹೀಗೆ ಒಂದು ಕೈಯ ದುಡಿಮೆಯನ್ನು ನಂಬಿ ಬದುಕಿದರೆ? ಆ ಕೈ ಒಂದು ವಿದ್ಯುತ್ ಸ್ಥಾವರವಾಗಿದ್ದರೆ? ಜಗತ್ತಿನ ಎಲ್ಲೆಡೆ ಹಳೆಯ ಸ್ಥಾವರಗಳು ಒಂದೊಂದಾಗಿ ಮುಚ್ಚುತ್ತಿವೆ. ಸ್ಥಾವರ ಮುಚ್ಚಿತೆಂದರೆ ನಾವು ಕರೆಂಟಿನ ಬಗ್ಗೆ ಯೋಚಿಸುತ್ತೇವೆ. ಕರೆಂಟು ಹೇಗೋ ಬೇರೆ ಕಡೆಯಿಂದ ತಂತಿಯಲ್ಲಿ ಹರಿದು ಬರುತ್ತದೆ. ಸ್ಥಾವರದ ಪಕ್ಕದ ಊರಿನ ಶಾಲೆಗೆ ಬರುತ್ತಿದ್ದ ಹಣ ಮಾತ್ರ ಹಾಗೆ ಬರುವುದಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಿಶಿಗನ್ ಸರೋವರದ ದಂಡೆಯಲ್ಲಿ ಝಯಾನ್ ಎಂಬ ಸಣ್ಣ ಪಟ್ಟಣವಿದೆ. 1901ರಲ್ಲಿ ಜಾನ್ ಅಲೆಕ್ಸಾಂಡರ್ ಡೋವಿ ಎಂಬ ಕ್ರೈಸ್ತ ಬೋಧಕ ಕಟ್ಟಿದ ಊರಿದು. ಅಲ್ಲಿನ ಅನೇಕ ಬೀದಿಗಳಿಗೆ ಇಂದಿಗೂ ಬೈಬಲಿನ ಹೆಸರುಗಳೇ ಇವೆ. 1973ರಲ್ಲಿ ಅಲ್ಲಿ ಅಣು ವಿದ್ಯುತ್ ಸ್ಥಾವರ ಆರಂಭವಾಯಿತು. ಅದರ ಪರವಾನಗಿ 2013ರವರೆಗೆ ಇತ್ತು. ಊರಿನವರೂ ಅಷ್ಟು ವರ್ಷ ಅದು ನಡೆಯುತ್ತದೆಂದೇ ನಂಬಿದ್ದರು. ಆದರೆ ಯಂತ್ರಗಳನ್ನು ಬದಲಿಸುವ ಖರ್ಚು ಗಿಟ್ಟುವುದಿಲ್ಲವೆಂದು ಕಂಡ ಕಂಪೆನಿ 1998ರಲ್ಲಿ, ಅಂದರೆ ಹದಿನೈದು ವರ್ಷ ಮೊದಲೇ, ಸ್ಥಾವರವನ್ನು ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಿತು.

ಕೆಲಸ ಹೋದ ದುಃಖ ಒಂದು ಕಡೆ. ಅದಕ್ಕಿಂತ ದೊಡ್ಡ ಪೆಟ್ಟು ಊರಿನ ಬೊಕ್ಕಸಕ್ಕೆ ಬಿತ್ತು. ಅಮೆರಿಕದಲ್ಲಿ ಸರಕಾರಿ ಶಾಲೆ, ಅಗ್ನಿಶಾಮಕ ದಳ, ಗ್ರಂಥಾಲಯ, ಉದ್ಯಾನಗಳ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ನಮ್ಮ ಮನೆ ಕಂದಾಯದಂತೆಯೇ ಇದು. ಆದರೆ ಮೊತ್ತ ಬಹಳ ದೊಡ್ಡದು, ಅದರ ಮೇಲಿನ ಅವಲಂಬನೆಯೂ ಅಷ್ಟೇ ದೊಡ್ಡದು. ಝಯಾನ್‌ನ ಆಸ್ತಿ ತೆರಿಗೆಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಆ ಸ್ಥಾವರವೊಂದೇ ಕೊಡುತ್ತಿತ್ತು. ವರ್ಷಕ್ಕೆ ಸುಮಾರು 2 ಕೋಟಿ ಡಾಲರ್! ಮುಚ್ಚಿದ ಮೇಲೆ ಅದು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ಆಮೇಲೆ ನಡೆದುದನ್ನು ಗಮನಿಸಿ. ಸ್ಥಾವರ ಮುಚ್ಚಿತೆಂದು ಊರಿನ ಮಕ್ಕಳ ಸಂಖ್ಯೆ ಮರುದಿನವೇ ಅರ್ಧವಾಗುವುದಿಲ್ಲ. ಶಾಲೆ ಅಷ್ಟೇ ಬೇಕು, ಬೆಂಕಿ ಆರಿಸುವ ವಾಹನವೂ ಅಷ್ಟೇ ಬೇಕು. ಹಾಗಾಗಿ ಕೊರತೆಯ ಭಾರ ಉಳಿದ ಮನೆ, ಅಂಗಡಿಗಳ ಮೇಲೆ ಬಿತ್ತು. ತೆರಿಗೆ ಏರಿದಾಗ ಹೊಸ ವ್ಯಾಪಾರಿಗಳು ಆ ಊರನ್ನು ಬಿಟ್ಟು ಪಕ್ಕದ ಊರಿಗೆ ಹೋದರು. ವ್ಯಾಪಾರ ಬರಲಿಲ್ಲವೆಂದು ತೆರಿಗೆ ಇಳಿಸಲೂ ಆಗಲಿಲ್ಲ. ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದ ಮನೆಯ ಹಾಗೆ.

ಇಷ್ಟು ಸಾಲದೆಂಬಂತೆ ಸ್ಥಾವರದಲ್ಲಿ ಉರಿದು ಉಳಿದ ಅಣು ಇಂಧನ ಇಂದಿಗೂ ಸರೋವರದ ದಂಡೆಯಲ್ಲೇ ಇದೆ. ಅರವತ್ತಕ್ಕೂ ಹೆಚ್ಚು ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳಲ್ಲಿ ತುಂಬಿಟ್ಟು ಕಾವಲು ಹಾಕಿದ್ದಾರೆ. ಅದನ್ನು ಶಾಶ್ವತವಾಗಿ ಇಡಲು ಅಮೆರಿಕ ಇನ್ನೂ ಒಂದು ಜಾಗ ಮಾಡಿಲ್ಲ. ಊರಿನ ಅತ್ಯುತ್ತಮ ಜಾಗವೇ ನೀರಿನ ದಂಡೆ. ಅಲ್ಲಿ ಮನೆ, ಹೋಟೆಲು ಕಟ್ಟಿ ಬದುಕನ್ನು ಹೊಸದಾಗಿ ಆರಂಭಿಸೋಣವೆಂದರೆ ಈ ಪೆಟ್ಟಿಗೆಗಳು ಅಡ್ಡ ಕುಳಿತಿವೆ.

ಮುಂಚೆಯೇ ಮೇಜಿನ ಮುಂದೆ ಕುಳಿತವರು

ಈಗ ಅದೇ ದೇಶದ ಪಶ್ಚಿಮ ತುದಿಗೆ, ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಅಲ್ಲಿ ಶಾಂತಸಾಗರದ ದಡದಲ್ಲಿ ಡಯಾಬ್ಲೊ ಕ್ಯಾನ್ಯನ್ ಎಂಬ ಅಣು ಸ್ಥಾವರವಿದೆ. ಆ ರಾಜ್ಯದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಹನ್ನೆರಡನೆಯ ಒಂದು ಪಾಲು ಅಲ್ಲಿಂದಲೇ. ಅದು ಇರುವುದು ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಸುಮಾರು ಒಂದೂವರೆ ಸಾವಿರ ಜನರಿಗೆ ಅಲ್ಲಿ ಒಳ್ಳೆಯ ಸಂಬಳದ ಕೆಲಸ. ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್ ಆಸ್ತಿ ತೆರಿಗೆ.

2016ರ ಜೂನ್‌ನಲ್ಲಿ ಕಂಪೆನಿಯು ಪರಿಸರ ಸಂಘಟನೆಗಳು ಮತ್ತು ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪರವಾನಗಿ ಮುಗಿಯುವ 2024 ಮತ್ತು 2025ರಲ್ಲಿ ಎರಡೂ ಘಟಕಗಳನ್ನು ಮುಚ್ಚುವುದೆಂದು ನಿರ್ಧಾರವಾಯಿತು. ಊರಿಗೆ ಪರಿಹಾರವಾಗಿ 4.95 ಕೋಟಿ ಡಾಲರ್ ಕೊಡುವ ಪ್ರಸ್ತಾಪವೂ ಅದರಲ್ಲಿತ್ತು.

ಬೇರೆಯವರಾಗಿದ್ದರೆ ಇಷ್ಟಾದರೂ ಬಂತಲ್ಲ ಎಂದು ಸುಮ್ಮನಿರುತ್ತಿದ್ದರೇನೋ. ಇವರು ಸುಮ್ಮನಿರಲಿಲ್ಲ. ಕೌಂಟಿ ಆಡಳಿತ, ಆರು ಪಟ್ಟಣಗಳ ಒಕ್ಕೂಟ ಮತ್ತು ಸರಕಾರಿ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿ ಒಟ್ಟಾಗಿ ಕುಳಿತವು. ಪಕ್ಕಪಕ್ಕದ ಊರುಗಳು ಸಾಮಾನ್ಯವಾಗಿ ನೀರಿಗೂ ರಸ್ತೆಗೂ ಜಗಳವಾಡುತ್ತವೆ. ಇಲ್ಲಿ ಆರು ಊರುಗಳು ಒಂದೇ ಬಾಯಿಯಲ್ಲಿ ಮಾತನಾಡಿದವು. ಕೆಲವೇ ತಿಂಗಳ ಮಾತುಕತೆಯಲ್ಲಿ 4.95 ಕೋಟಿ ಇದ್ದದ್ದು 8.5 ಕೋಟಿ ಡಾಲರ್‌ಗೆ ಏರಿತು. ಅದರಲ್ಲಿ 7.5 ಕೋಟಿ ಶಾಲೆ, ಅಗ್ನಿಶಾಮಕ ದಳ, ಆರೋಗ್ಯ ಮುಂತಾದ ಅಗತ್ಯ ಸೇವೆಗಳಿಗೆ. ಒಮ್ಮೆಲೇ ಅಲ್ಲ, ವರ್ಷ ವರ್ಷ ಕಂತಿನಲ್ಲಿ. ಉಳಿದ 1 ಕೋಟಿ ಹೊಸ ಉದ್ಯೋಗಗಳನ್ನು ತರುವ ಕೆಲಸಕ್ಕೆ.

ಕಂತಿನಲ್ಲಿ ಏಕೆ ಎಂದು ಕೇಳಬಹುದು. ಸ್ಥಾವರದ ತೆರಿಗೆ ಮುಚ್ಚುವ ದಿನ ಒಮ್ಮೆಲೇ ನಿಲ್ಲುವುದಿಲ್ಲ. ಯಂತ್ರಗಳ ಬೆಲೆ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬರುತ್ತದೆ, ತೆರಿಗೆಯೂ ಅದರೊಂದಿಗೆ ಇಳಿಯುತ್ತದೆ. ಅಂದರೆ ಚಕ್ರ ತಿರುಗುತ್ತಿರುವಾಗಲೇ ಊರಿನ ಆದಾಯ ಸೋರಲಾರಂಭಿಸುತ್ತದೆ. ಇನ್ನೊಂದು ಕಷ್ಟವೂ ಅವರಿಗಿತ್ತು. ಝಯಾನ್‌ನವರು ತೆರಿಗೆಯನ್ನಾದರೂ ಏರಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನರೇ ಮತ ಹಾಕಿ ಆಸ್ತಿ ತೆರಿಗೆಗೆ ಬೆಲೆಯ ಶೇ. 1ರ ಮಿತಿ ಹಾಕಿದ್ದಾರೆ. ಸ್ಥಾವರದ ಪಾಲನ್ನು ಉಳಿದ ಮನೆಗಳ ಮೇಲೆ ಹೊರಿಸುವ ದಾರಿ ಅಲ್ಲಿಲ್ಲ. ಸೇವೆಯನ್ನು ಕಡಿಯಬೇಕು, ಇಲ್ಲವೇ ಬೇರೆ ಹಣ ತರಬೇಕು. ಶಾಲೆಯಲ್ಲಿ ಕಡಿತವೆಂದರೆ ಏನೆಂದು ತಾಯಂದಿರಿಗೆ ಹೇಳಬೇಕೇ? ಗಣಿತದ ಪಾಠವನ್ನು ಯಾರೂ ಮೊದಲು ನಿಲ್ಲಿಸುವುದಿಲ್ಲ. ಶಾಲೆಯ ನರ್ಸು, ಬಸ್ಸು, ಹಿಂದುಳಿದ ಮಗುವಿನ ಪಕ್ಕ ಕುಳಿತು ಕಲಿಸುವ ಸಹಾಯಕಿ, ಇಂಥವೇ ಮೊದಲು ಕಣ್ಣಿಗೆ ಬೀಳುತ್ತವೆ.

ಒಪ್ಪಂದವೇನೋ ಆಯಿತು. ಆದರೆ 2018ರ ಜನವರಿಯಲ್ಲಿ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗವು ಮುಚ್ಚುವಿಕೆಗೆ ಒಪ್ಪಿ, ಪರಿಹಾರದ ಹಣಕ್ಕೆ ಒಪ್ಪಲಿಲ್ಲ. ಈ ಹಣ ಬರುವುದು ಲಕ್ಷಾಂತರ ಗ್ರಾಹಕರ ಕರೆಂಟ್ ಬಿಲ್ಲಿನಿಂದ; ಒಂದು ಕೌಂಟಿಯ ತೆರಿಗೆ ಕೊರತೆಯನ್ನು ಎಲ್ಲೋ ಇರುವ ಬಡ ಗ್ರಾಹಕನ ಬಿಲ್ಲಿನಿಂದ ತುಂಬಲು ಶಾಸನ ಬೇಕು ಎಂಬುದು ಅದರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದೂರದ ಊರಿನ ವಿಧವೆಯೊಬ್ಬಳು ತನ್ನ ಬಿಲ್ಲಿನಲ್ಲಿ ಇದಕ್ಕೇಕೆ ಕೊಡಬೇಕು? ಆದರೆ ಅದೇ ಬಿಲ್ಲಿನ ಹಿಂದೆ, ತನ್ನ ಅಂಗಳದಲ್ಲಿ ಅಣು ಸ್ಥಾವರವನ್ನು ಮೂರು ದಶಕ ಇಟ್ಟುಕೊಂಡು ಎಲ್ಲರಿಗೂ ಬೆಳಕು ಕೊಟ್ಟ ಊರೂ ಇದೆಯಲ್ಲ? ಎರಡನ್ನೂ ತೂಗಿದರೆ, ಊರಿನ ಹಕ್ಕೇ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಲ್ಲಿನ ಜನಪ್ರತಿನಿಧಿಗಳು ಕೈಚೆಲ್ಲಲಿಲ್ಲ. ಶಾಸನ ಬೇಕೆಂದರೆ ಶಾಸನವನ್ನೇ ತಂದರು. 2018ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಅದಕ್ಕೆ ಸಹಿ ಹಾಕಿದರು. 8.5 ಕೋಟಿ ಡಾಲರ್ ಊರಿಗೆ ಸಿಕ್ಕಿತು. ಕೊನೆಯ ದಿನದವರೆಗೂ ನುರಿತ ಕೆಲಸಗಾರರು ಬಿಟ್ಟು ಹೋಗದಂತೆ ಅವರಿಗಾಗಿ ಸುಮಾರು 35 ಕೋಟಿ ಡಾಲರ್ ತೆಗೆದಿಡಲಾಯಿತು. ಮುಚ್ಚುವ ಅಂಗಡಿಯಲ್ಲಿ ಯಾರು ಉಳಿಯುತ್ತಾರೆ? ಆದರೆ ಅಣು ಸ್ಥಾವರದಲ್ಲಿ ಅನುಭವಿಗಳು ಮೊದಲೇ ಹೊರಟುಬಿಟ್ಟರೆ ಅಪಾಯ ಎಲ್ಲರಿಗೂ.

ನಷ್ಟ ಎಷ್ಟೆಂಬ ಲೆಕ್ಕವನ್ನೂ ಅವರು ಕಂಪೆನಿಯ ಮಾತಿಗೆ ಬಿಡಲಿಲ್ಲ. ಕಂಪೆನಿಯ ಬೆಂಬಲದಿಂದ 2013ರಲ್ಲಿ ನಡೆದ ಅಧ್ಯಯನವೊಂದು ಸ್ಥಾವರದಿಂದ ಆ ಪ್ರದೇಶಕ್ಕೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ವಹಿವಾಟು ಎಂದಿತ್ತು. ಸ್ವತಂತ್ರ ಅಧ್ಯಯನ ಬೇಕೆಂದು 2016ರಲ್ಲಿಯೇ ಇನ್ನೊಂದು ಕಾಯ್ದೆ ಆಗಿತ್ತು. ಅದರಂತೆ ಬರ್ಕ್ಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರು 2019ರಲ್ಲಿ ವರದಿ ಕೊಟ್ಟರು. ಸ್ಥಾವರವನ್ನು ಕಳಚುವ ಕೆಲಸಕ್ಕೇ ವರ್ಷಗಟ್ಟಲೆ ಜನ ಬೇಕು. ಆ ಖರ್ಚು ಮತ್ತು ಪರಿಹಾರದ ಹಣ ಪೆಟ್ಟಿನ ಒಂದು ಭಾಗವನ್ನು ತಡೆಯುತ್ತದೆ ಎಂಬುದನ್ನೂ ಅವರು ಲೆಕ್ಕಕ್ಕೆ ತಂದರು. ಅದೇ ವರ್ಷ ಆ ಭಾಗದ ಉದ್ಯಮಿಗಳು, ಆಡಳಿತಗಾರರು ಸೇರಿ ರೀಚ್ ಎಂಬ ಸಂಸ್ಥೆ ಕಟ್ಟಿದರು. ಹತ್ತು ವರ್ಷದಲ್ಲಿ 15,000 ಒಳ್ಳೆಯ ಸಂಬಳದ ಕೆಲಸಗಳನ್ನು ತರುವುದು ಅದರ ಗುರಿ. ಮತ್ತೊಂದು ದೊಡ್ಡ ಕಂಪೆನಿಯನ್ನು ಕರೆತಂದು ಮತ್ತೆ ಒಂದೇ ಕೈಗೆ ಜೋತು ಬೀಳುವುದು ಬೇಡ ಎಂಬ ಎಚ್ಚರ ಅವರಿಗಿತ್ತು.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ನಡೆದ ತಮಾಷೆ ಕೇಳಿ. ಸ್ಥಾವರ ಮುಚ್ಚಲೇ ಇಲ್ಲ! 2020ರ ಆಗಸ್ಟ್‌ನ ಉರಿ ಬಿಸಿಲಲ್ಲಿ ಕ್ಯಾಲಿಫೋರ್ನಿಯಾದ ಮನೆಗಳಿಗೆ ಸರದಿಯಂತೆ ಕರೆಂಟ್ ಕಡಿತವಾಯಿತು. ಸರಕಾರ ಹೆದರಿತು. 2022ರ ಸೆಪ್ಟೆಂಬರ್‌ನಲ್ಲಿ ಹೊಸ ಕಾಯ್ದೆ ಮಾಡಿ, 140 ಕೋಟಿ ಡಾಲರ್ ಸಾಲವನ್ನೂ ಕೊಟ್ಟು, ಘಟಕಗಳನ್ನು 2029 ಮತ್ತು 2030ರವರೆಗೆ ನಡೆಸಲು ದಾರಿ ಮಾಡಿತು. ಹಾಗಾದರೆ ಆ ಸಿದ್ಧತೆ ವ್ಯರ್ಥವಾಯಿತೇ? ಮಗ ಇನ್ನೈದು ವರ್ಷ ಗಲ್ಫಿನಲ್ಲೇ ಇರುತ್ತೇನೆಂದರೆ ಕಟ್ಟಿಟ್ಟ ಉಳಿತಾಯ ವ್ಯರ್ಥವಾಗುತ್ತದೆಯೇ?

ನಮ್ಮ ದೇಶದಲ್ಲಿ

ಪಂಜಾಬಿನ ಭಟಿಂಡಾದಲ್ಲಿ ಗುರುನಾನಕ್ ದೇವ್ ಹೆಸರಿನ ಕಲ್ಲಿದ್ದಲು ಸ್ಥಾವರವಿತ್ತು. ನಾಲ್ಕು ಘಟಕ, 460 ಮೆಗಾವ್ಯಾಟ್. 1974ರಿಂದ ಆ ನಗರದ ಗುರುತೇ ಆಗಿತ್ತು. ಅದರ ತಂಪುಗೋಪುರಗಳು, ಕೆರೆಗಳು ಎಲ್ಲರಿಗೂ ಪರಿಚಿತ. 2017ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಚ್ಚಲು ತೀರ್ಮಾನಿಸಿತು. 2018ರ ಜನವರಿ 1ರಿಂದ ಸ್ಥಾವರ ಬಂದ್. ಅಲ್ಲಿ ಎಂಟು ವರ್ಷ, ಇಲ್ಲಿ ಎಂಟು ವಾರವೂ ಇಲ್ಲ! ಕಾಯಂ ನೌಕರರನ್ನು ಬೇರೆ ಕಡೆಗೆ ವರ್ಗ ಮಾಡಬಹುದು. ಗುತ್ತಿಗೆ ಕಾರ್ಮಿಕರು ಪಂಜಾಬಿನ ಆ ಚಳಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬೀದಿಯಲ್ಲಿ ಧರಣಿ ಕುಳಿತರು.

ನಮ್ಮ ರಾಯಚೂರಿನ ಶಕ್ತಿನಗರವನ್ನೇ ನೋಡಿ. ಕೃಷ್ಣಾ ನದಿಯ ದಂಡೆಯ ಆ ಶಾಖೋತ್ಪನ್ನ ಸ್ಥಾವರದಲ್ಲಿ ಎಂಟು ಘಟಕ, 1,720 ಮೆಗಾವ್ಯಾಟ್. ಮೊದಲನೆಯ ಘಟಕ ಉರಿದದ್ದು 1985ರಲ್ಲಿ. ಇಂಥ ಘಟಕಗಳನ್ನು ಸಾಮಾನ್ಯವಾಗಿ ಇಪ್ಪತ್ತೈದು ವರ್ಷದ ಲೆಕ್ಕದಲ್ಲಿ ಕಟ್ಟುತ್ತಾರೆ. ಅದಕ್ಕೆ ನಲ್ವತ್ತು ದಾಟಿದೆ. ನಾಳೆಯೇ ಮುಚ್ಚುತ್ತದೆಂದು ಹೆದರಿಸುತ್ತಿಲ್ಲ. ಹತ್ತಿರದ ಯರಮರಸ್‌ನಲ್ಲಿ 1,600 ಮೆಗಾವ್ಯಾಟ್‌ನ ಹೊಸ ಸ್ಥಾವರವೂ ಇದೆ. ಆದರೆ ಹಳೆಯ ಘಟಕಗಳು ಎಂದಾದರೊಂದು ದಿನ ನಿಲ್ಲುತ್ತವೆ. ಆ ದಿನ ನಿಗಮದ ನೌಕರನಿಗೆ ವರ್ಗಾವಣೆಯ ಪತ್ರ ಸಿಗುತ್ತದೆ. ಹಾರುಬೂದಿಯಿಂದ ಇಟ್ಟಿಗೆ ಮಾಡುವವನಿಗೆ, ಬೂದಿ ಸಾಗಿಸುವ ಲಾರಿಯವನಿಗೆ, ಕಾಲೊನಿಯಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಹೊಲಿಯುವ, ಊಟದ ಡಬ್ಬಿ ಕಳಿಸುವ ಹೆಂಗಸರಿಗೆ ಯಾವ ಪತ್ರವೂ ಬರುವುದಿಲ್ಲ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಸ್ಯಾನ್ ಲೂಯಿಸ್ ಒಬಿಸ್ಪೊದವರು ಕುಳಿತಂಥ ಮೇಜು ನಮ್ಮಲ್ಲೂ ಇದೆ. ಸಂವಿಧಾನದ 74ನೇ ತಿದ್ದುಪಡಿಯಂತೆ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಪಂಚಾಯತ್ ಮತ್ತು ನಗರಸಭೆಗಳ ಯೋಜನೆಗಳನ್ನು ಸೇರಿಸಿ ಇಡೀ ಜಿಲ್ಲೆಗೆ ಒಂದು ಕರಡು ಸಿದ್ಧಪಡಿಸುವುದು ಅದರ ಕೆಲಸ. ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೇ ಮೀಸಲು. ಈ ಪುಟ ಓದುತ್ತಿರುವ ನಿಮ್ಮಲ್ಲಿಯೂ ಕೆಲವರು ಸದಸ್ಯೆಯರಾಗಿರಬಹುದು. ನಿಮ್ಮ ಊರು ಒಂದು ಸ್ಥಾವರವನ್ನೋ, ಒಂದು ಗಣಿಯನ್ನೋ, ಒಂದು ಸಕ್ಕರೆ ಕಾರ್ಖಾನೆಯನ್ನೋ ನಂಬಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಲೆಕ್ಕ ಕೇಳಿ: ಅದರಿಂದ ಪಂಚಾಯತ್‌ಗೆ ವರ್ಷಕ್ಕೆ ಎಷ್ಟು ಬರುತ್ತದೆ, ಆ ಹಣದಲ್ಲಿ ಯಾವ ಯಾವ ಕೆಲಸ ನಡೆಯುತ್ತದೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಅದರಿಂದ ಹೊಟ್ಟೆ ಹೊರೆಯುವ ಮನೆಗಳು ಎಷ್ಟು. ಮೊದಲ ಎರಡಕ್ಕೆ ಕಾರ್ಯದರ್ಶಿಯವರು ಕಡತ ತೆರೆದು ಉತ್ತರ ಕೊಡಬಹುದು. ಮೂರನೆಯದನ್ನು ಎಣಿಸಲು ಮನೆ ಮನೆಯ ಬಾಗಿಲಿಗೆ ಹೋಗಬೇಕು, ಅಡುಗೆಮನೆಯವರೆಗೂ ಹೋಗಬೇಕು. ಅಲ್ಲಿಯವರೆಗೆ ಹೋಗಬಲ್ಲವರು ನೀವೇ.