ಜಾಕಿನ ಕಾಲು ಕುಸಿದರೆ ಯಾರನ್ನು ಕೇಳಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮನೆ ಕಟ್ಟಿಸಿದವರಿಗೆ ಬೋರ್‌ವೆಲ್ ಕೊರೆಯುವ ರಿಗ್ ಲಾರಿಯ ಪರಿಚಯ ಇದ್ದೇ ಇರುತ್ತದೆ. ಲಾರಿ ಹಿತ್ತಲಿಗೆ ಬಂದೊಡನೆ ಕೊರೆಯುವ ಕೆಲಸ ಆರಂಭವಾಗುವುದಿಲ್ಲ. ಮೊದಲು ಅದರ ಮೈಯಿಂದ ಉಕ್ಕಿನ ಕಾಲುಗಳು ಕೆಳಗಿಳಿದು ನೆಲವನ್ನು ಒತ್ತುತ್ತವೆ. ರಿಗ್ಗಿನವನು ಒಂದೊಂದು ಕಾಲನ್ನೂ ಏರಿಸಿ ಇಳಿಸಿ ಗಾಡಿಯನ್ನು ಮಟ್ಟಕ್ಕೆ ತರುತ್ತಾನೆ. ಪ್ರವಾಸಕ್ಕೆಂದು ಮನೆಯಂತೆ ಸಜ್ಜುಗೊಳಿಸಿದ ಕಾರವಾನ್ ಗಾಡಿಗಳಲ್ಲಿ ಕೆಲವಕ್ಕೂ ಇಂಥ ಕಾಲುಗಳೇ ಇರುತ್ತವೆ. ಇವುಗಳಲ್ಲೊಂದು ಕೆಟ್ಟರೆ ಏನು ಮಾಡತಕ್ಕದ್ದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮಟ್ಟಕ್ಕೆ ಇಷ್ಟು ಮಹತ್ವವೇಕೆ? ನಮ್ಮ ಈ ಸೀಮೆಯ ನೆಲದಡಿಯಲ್ಲಿರುವುದು ಗಟ್ಟಿ ಕಗ್ಗಲ್ಲು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ; ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಕಲ್ಲಿನಲ್ಲಿ ನೂರಾರು ಅಡಿ ಇಳಿಯುವಾಗ ಆರಂಭದ ಸಣ್ಣ ಓರೆಯೂ ದೊಡ್ಡದಾಗುತ್ತದೆ. ಎರಡು ಕಾಲುಗಳ ನಡುವಿನ ಅಂತರ 8 ಅಡಿ, ಅಂದರೆ 96 ಅಂಗುಲ ಎಂದಿಟ್ಟುಕೊಳ್ಳಿ. ಒಂದು ಕಾಲು ಒಂದೇ ಅಂಗುಲ ಕುಸಿದರೂ, ಅದೇ ಓರೆಯಲ್ಲಿ ನೇರವಾಗಿ ಸಾಗಿದ ರಂಧ್ರವು 300 ಅಡಿ ಆಳದಲ್ಲಿ 3 ಅಡಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಅಂಥ ಬಾವಿಯಲ್ಲಿ ಕೇಸಿಂಗ್ ಪೈಪು ಇಳಿಸುವುದೂ, ಮುಂದೆ ಪಂಪನ್ನು ಮೇಲೆತ್ತುವುದೂ ಕಷ್ಟವಾಗಬಹುದು. ಹಣ ಕೊಟ್ಟ ಗೃಹಸ್ಥನಿಗೆ ನಷ್ಟ. ಓರೆಯಾದ ಲಾರಿಯ ಬಳಿ ದುಡಿಯುವವರಿಗೆ ಪ್ರಾಣಾಪಾಯ.

ಈ ಕಾಲುಗಳು ಕೆಲಸ ಮಾಡುವ ಬಗೆ ಸರಳವಾದದ್ದು. ಪಂಪು ತೊಟ್ಟಿಯಲ್ಲಿನ ಎಣ್ಣೆಯನ್ನು ಒತ್ತಿ ಸಿಲಿಂಡರಿಗೆ ಕಳುಹಿಸುತ್ತದೆ. ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ ಒತ್ತಡವು 100 ಚದರ ಸೆಂಟಿಮೀಟರ್ ಅಗಲದ ಪಿಸ್ಟನ್ನಿನ ಮೇಲೆ ಬಿದ್ದರೆ 10 ಟನ್ ಭಾರವನ್ನು ಎತ್ತಬಲ್ಲದು. ಎತ್ತಿದ ಮೇಲೆ ಎಣ್ಣೆ ಹಿಂದಿರುಗದಂತೆ ತಡೆಯಲು ಒಂದು ಬೀಗದ ವಾಲ್ವ್ ಇರುತ್ತದೆ.

ಕಾಲು ಇಳಿಯುವುದೇ ಇಲ್ಲವಾದರೆ ಎಣ್ಣೆಯ ಕೊರತೆ, ಕಟ್ಟಿಕೊಂಡ ಫಿಲ್ಟರು ಅಥವಾ ಸವೆದ ಪಂಪು ಕಾರಣವಿರಬಹುದು. ಇಳಿದ ಕಾಲು ಹೊತ್ತು ಕಳೆದಂತೆ ಮೆಲ್ಲಗೆ ಕುಸಿದರೆ, ಕಾಲಿನ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ಮೊದಲು ನೋಡಬೇಕು. ನೆಲ ಸರಿಯಾಗಿದ್ದರೆ ಸಂದೇಹ ಪಡಬೇಕಾದದ್ದು ಸಿಲಿಂಡರಿನ ಸೀಲು ಅಥವಾ ಬೀಗದ ವಾಲ್ವನ್ನು. ಇಲ್ಲಿ ಎರಡು ಎಚ್ಚರಿಕೆಗಳು: ಜಾಕನ್ನು ಮಾತ್ರ ನಂಬಿ ಗಾಡಿಯ ಅಡಿಗೆ ಯಾರೂ ನುಸುಳಬಾರದು. ಎಣ್ಣೆಯ ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ಹುಡುಕಲೂ ಬಾರದು. ಒತ್ತಡದ ಸಣ್ಣ ಧಾರೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಅದಕ್ಕೆ ರಟ್ಟಿನ ತುಂಡೊಂದನ್ನು ದೂರದಿಂದ ಹಿಡಿದು ನೋಡುವುದು ಕ್ರಮ.

ಇನ್ನು ತಯಾರಕರ ನೆರವಿನ ಮಾತು. "ಜಾಕು ಕೆಟ್ಟಿದೆ, ಯಾರನ್ನಾದರೂ ಕಳುಹಿಸಿ" ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ. ಲಾರಿ ಒಬ್ಬರದು, ರಿಗ್ ಇನ್ನೊಬ್ಬರದು, ಜಾಕು ಮತ್ತೊಬ್ಬರದಾಗಿರಬಹುದು. ಆದುದರಿಂದ ಮೊದಲು ಯಂತ್ರದ ಮೇಲಿನ ಫಲಕವನ್ನು ಒರೆಸಿ ಮಾದರಿ, ಕ್ರಮಸಂಖ್ಯೆ, ತಯಾರಾದ ವರ್ಷಗಳನ್ನು ಬರೆದುಕೊಳ್ಳಬೇಕು. ಯಾವ ಕಾಲು, ಎಷ್ಟು ಹೊತ್ತಿನಲ್ಲಿ ಎಷ್ಟು ಕುಸಿಯಿತು, ಮಾಪಕ ಎಷ್ಟು ಒತ್ತಡ ತೋರಿಸಿತು, ಹಾಕಿರುವ ಎಣ್ಣೆ ಯಾವುದು ಎಂಬುದನ್ನು ಫೋಟೋ ಸಹಿತ ಬರಹದಲ್ಲಿ ಕಳುಹಿಸಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಎಣ್ಣೆಯ ಮಾರ್ಗದ ನಕ್ಷೆಯನ್ನೂ, ಸೀಲುಗಳ ಬಿಡಿಭಾಗ ಸಂಖ್ಯೆಯನ್ನೂ ಕೇಳಿದರೆ ಊರಿನ ಮೆಕ್ಯಾನಿಕ್ಕನಿಗೂ ದಾರಿ ತೋರುತ್ತದೆ. ವಾರಂಟಿ ಮುಗಿಯುವ ಮೊದಲು ತಯಾರಕರ ಒಪ್ಪಿಗೆಯಿಲ್ಲದೆ ಸಿಲಿಂಡರನ್ನು ಬಿಚ್ಚುವುದು ವಿವೇಕವಲ್ಲ.

ಉತ್ತರವೇ ಬಾರದಿದ್ದರೆ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರಂತೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಮೊದಲಿಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಒಂದು ಭೇದವನ್ನು ಮಾತ್ರ ಮರೆಯಬಾರದು. ವ್ಯಾಪಾರಕ್ಕೆಂದು ಯಂತ್ರ ಕೊಂಡವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವನು ಗ್ರಾಹಕನೇ. ಮನೆಗಾಗಿ ಹಣ ಕೊಟ್ಟು ಬಾವಿ ಕೊರೆಸಿದ ಗೃಹಸ್ಥನೂ ರಿಗ್ಗಿನವರ ಸೇವೆಯ ಗ್ರಾಹಕನಾಗುತ್ತಾನೆ. ಆದುದರಿಂದ ರಸೀದಿಯನ್ನು ಜೋಪಾನವಾಗಿಡಬೇಕು.

ಮುಂದಿನ ಸಲ ನಿಮ್ಮ ಹಿತ್ತಲಿಗೆ ರಿಗ್ ಬಂದಾಗ, ಕೊರೆಯುವ ಮೊದಲು ರಸಮಟ್ಟವನ್ನಿಟ್ಟು ತೋರಿಸಲು ಕೇಳಿರಿ. ಒಂದೆರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಕೇಳಿರಿ. ಕೇಳುವುದಕ್ಕೆ ಸಂಕೋಚ ಬೇಡ. ನೆಲದ ಮೇಲೆ ಐದು ನಿಮಿಷದಲ್ಲಿ ತಿದ್ದಬಹುದಾದ ತಪ್ಪನ್ನು ಕಲ್ಲಿನೊಳಗೆ ಮುನ್ನೂರು ಅಡಿ ಹೋದ ಮೇಲೆ ತಿದ್ದುವುದು ಬಹಳ ಕಷ್ಟ.